35ರ ವಯಸ್ಸಿನಲ್ಲಿ ಎಂಎಸ್ಸಿ ನರ್ಸಿಂಗ್: ಕ್ಲಾಸಿನಲ್ಲಿ ಯಾರ್‍ಯಾರು ಇರ್ತಾರೆ?

ಪ್ರಶ್ನೆ (ರೋಣದಿಂದ): ನಮಸ್ಕಾರ ಮೇಡಂ. ನಾನು ಸ್ಟಾಫ್ ನರ್ಸ್. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಆದಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ (ಡಿಪ್ಲೊಮಾ ಆದವರು ಓದುವ ನರ್ಸಿಂಗ್ ಪದವಿ) ಮುಗಿಸಿದ್ದೇನೆ. ವಯಸ್ಸು 35, ಇಬ್ಬರು ಮಕ್ಕಳು. ಹುಬ್ಬಳ್ಳಿ ಕಡೆ ಎಂಎಸ್ಸಿ ಸೇರುವ ಆಸೆ. ಅಲ್ಲಿ ಬರೀ ಸಣ್ಣ ವಯಸ್ಸಿನ ಇಂಗ್ಲಿಷ್ ಮೀಡಿಯಂ ಹುಡುಗಿಯರೇ ಇರ್ತಾರಾ? ಕೊಪ್ಪಳದ ಗೆಳತಿಗೆ ಕೋಟಾ ಇದೆಯಂತೆ, ನಮಗೂ ಸಿಗುತ್ತಾ?

ಉತ್ತರ (ನರ್ಸಿಂಗ್ ಉಪನ್ಯಾಸಕಿ, ಹುಬ್ಬಳ್ಳಿ): ನಮಸ್ಕಾರ್ರೀ. ಬಿಎಸ್ಸಿ ಕ್ಲಾಸ್ ನೋಡಿ ಎಂಎಸ್ಸಿ ಕ್ಲಾಸೂ ಹಾಗೇ ಅಂದ್ಕೋಬೇಡಿ. ಬಿಎಸ್ಸಿಗೆ ಪಿಯುಸಿ ಮುಗಿಸಿದ ಮಕ್ಕಳು ಬರುತ್ತಾರೆ. ಎಂಎಸ್ಸಿಗೆ ಕನಿಷ್ಠ ಒಂದು ವರ್ಷ ಕೆಲಸ ಮಾಡಿದ ಅನುಭವ ಬೇಕೇ ಬೇಕು. ಹಾಗಾಗಿ ವಯಸ್ಸು ತಾನಾಗೇ ಜಾಸ್ತಿ ಇರುತ್ತದೆ. ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದವರು, ಮದುವೆಯಾದವರು, ತಾಯಂದಿರು ಎಲ್ಲ ಇರುತ್ತಾರೆ. ಮಧ್ಯಾಹ್ನ ಡಬ್ಬಿ ಬಿಚ್ಚಿಟ್ಟು, ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಫೋನ್ ಹಿಡಿದು ಮಗಳಿಗೆ ಮಗ್ಗಿ ಹೇಳಿಸುವವರನ್ನು ನಮ್ಮಲ್ಲೇ ನೋಡಿದ್ದೇನೆ. ಹೆಣ್ಣುಮಕ್ಕಳೇ ಹೆಚ್ಚು, ಕೇರಳದಿಂದ ಬಂದವರೂ ಇರುತ್ತಾರೆ.

ಇಂಗ್ಲಿಷ್ ಬಗ್ಗೆ ನೇರವಾಗಿ ಹೇಳ್ತೀನಿ. ಪಾಠ ಅರ್ಥವಾಗುತ್ತದೆ, ಕಷ್ಟ ಬರುವುದು ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಮತ್ತು ಸಂಶೋಧನಾ ಪ್ರಬಂಧ ಬರೆಯುವಾಗ. ಆದರೆ ಅದಕ್ಕೆ ಬೇಕಾದ ವಿಷಯ ನಿಮ್ಮ ಹತ್ತಿರವೇ ಇದೆ. ಹೆರಿಗೆ ವಾರ್ಡಿನಲ್ಲಿ ಬಾಣಂತಿಯರು ಯಾವ ಮಾತು ಕೇಳುವುದಿಲ್ಲ, ಯಾಕೆ ಕೇಳುವುದಿಲ್ಲ ಅಂತ ನಿಮಗೆ ಗೊತ್ತು. ಹೊಸದಾಗಿ ಪಾಸಾದವರಿಗೆ ಅದು ಪುಸ್ತಕದಲ್ಲಿ ಸಿಗುವುದಿಲ್ಲ. ನಿಮ್ಮಂಥವರು ಮುಂದೆ ಪಾಠ ಮಾಡಲು ಬರಬೇಕು ಅಂತ ನನಗೆ ನಿಜವಾಗಿ ಆಸೆ.

ಕೋಟಾ ವಿಷಯ: ನಿಮ್ಮ ಗೆಳತಿಗೆ ಇರುವುದು 371(ಜೆ) ಮೀಸಲಾತಿ, ಅಂದರೆ ಸಂವಿಧಾನದ ಆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಮೀಸಲಾತಿ. ಅದು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ ಮಾತ್ರ. ಪಕ್ಕದ ಜಿಲ್ಲೆಯಾದರೂ ನಿಮ್ಮ ರೋಣ ಇರುವ ಗದಗಕ್ಕೆ ಇಲ್ಲ. ಜಾತಿವಾರು ಮೀಸಲಾತಿ ಇದ್ದರೆ ಅದು ಬೇರೆ, ಪ್ರಮಾಣಪತ್ರ ಸಿದ್ಧ ಇಟ್ಟುಕೊಳ್ಳಿ.

ಪ್ರಶ್ನೆ: ಗಂಡಸರು ಇರ್ತಾರಾ ಮೇಡಂ? ನನ್ನ ತಮ್ಮನೂ ಬ್ರದರ್ (ಗಂಡು ನರ್ಸ್) ಆಗಿ ಕೆಲಸ ಮಾಡ್ತಾನೆ.

ಉತ್ತರ: ಇರ್ತಾರೆ, ಕಡಿಮೆ. ತಮ್ಮನಿಗೆ ಅದು ಅಡ್ಡಿಯೇನಲ್ಲ.

ಪ್ರಶ್ನೆ: ಕೆಲಸ ಮಾಡ್ತಾ ಓದಬಹುದಾ?

ಉತ್ತರ: ಆಗಲ್ಲರೀ. ಪೂರ್ತಿ ಎರಡು ವರ್ಷದ ರೆಗ್ಯುಲರ್ ಕೋರ್ಸ್, ವಾರ್ಡ್ ಪೋಸ್ಟಿಂಗೂ ಇರುತ್ತದೆ. ಗದಗದಿಂದ ರೈಲಿನಲ್ಲಿ ದಿನಾ ಓಡಾಡಬಹುದು, ರೋಣದಿಂದ ಕಷ್ಟ. ಹಾಸ್ಟೆಲ್ ವಿಷಯ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದು, ಇವೆರಡನ್ನೂ ಮನೆಯಲ್ಲಿ ಕೂತು ಮಾತಾಡಿ. ಪೋಸ್ಟ್ ಬೇಸಿಕ್‌ನಲ್ಲಿ 55% ಬಂದಿದೆಯಾ ನೋಡಿಕೊಳ್ಳಿ, ಎಸ್‌ಸಿ, ಎಸ್‌ಟಿಯವರಿಗೆ 50% ಸಾಕು. ಕೆಲಸ ಮಾಡಿದ ಕಡೆಯಿಂದ ಅನುಭವ ಪತ್ರವನ್ನು ಈಗಲೇ ಬರೆಸಿಕೊಳ್ಳಿ.