‘ರ‍್ಯಾಪಿಡ್ ಟೆಸ್ಟ್’, ‘ಕಲ್ಚರ್’, ‘ನಂಜು’: ರಕ್ತದ ಸೋಂಕಿನ ಪರೀಕ್ಷೆಗೆ ಕನ್ನಡದಲ್ಲಿ ಏನೆನ್ನಬೇಕು?

ಹಾಸನದ ಆಸ್ಪತ್ರೆಯೊಂದರಲ್ಲಿ ಐಸಿಯು ಹೊರಗೆ ಕಾದು ಕುಳಿತಿರುವ ರೋಗಿಗಳ ಕಡೆಯವರಿಗೆ ಕೊಡಲೆಂದು, ರಕ್ತದ ಸೋಂಕಿನ ಪರೀಕ್ಷೆಗಳನ್ನು ವಿವರಿಸುವ ಒಂದು ಪುಟದ ಮಾಹಿತಿಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

‘ರ‍್ಯಾಪಿಡ್ ಟೆಸ್ಟ್’ ಎಂಬ ಮಾತು ಕೋವಿಡ್ ಕಾಲದಿಂದ ಎಲ್ಲರ ಬಾಯಲ್ಲೂ ಇದೆ. ಮೂಗಿಗೆ ಕಡ್ಡಿ ಹಾಕಿ, ಕಾರ್ಡಿಗೆ ಹನಿ ಬಿಟ್ಟು, ಕಾಲು ಗಂಟೆಯಲ್ಲಿ ಗೆರೆ ಮೂಡಿದ್ದನ್ನು ಕಂಡವರಿಗೆ ಈ ಪದ ಕೇಳಿದೊಡನೆ ನೆನಪಾಗುವುದು ಅದೇ. ರಕ್ತದ ಸೋಂಕಿನಲ್ಲಿ ಕೆಲಸ ಹಾಗೆ ನಡೆಯುವುದಿಲ್ಲ. ದೊಡ್ಡವರಾದರೆ ಒಂದೊಂದು ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ ತುಂಬಿ, ಅದರಲ್ಲಿ ಸೂಕ್ಷ್ಮಾಣು ಇದ್ದರೆ ಬೆಳೆಯಲೆಂದು ಯಂತ್ರದಲ್ಲಿಡುತ್ತಾರೆ. ಇದೇ ‘ಕಲ್ಚರ್’. ಸೂಕ್ಷ್ಮಾಣು ಬೆಳೆದು, ಲ್ಯಾಬಿನವರ ಮಾತಿನಲ್ಲಿ ‘ಬಾಟಲಿ ಪಾಸಿಟಿವ್’ ಆಗಲು ಸಾಮಾನ್ಯವಾಗಿ ಅರ್ಧ ದಿನದಿಂದ ಎರಡು ದಿನ ಹಿಡಿಯುತ್ತದೆ. ಅದು ಯಾವ ಸೂಕ್ಷ್ಮಾಣು, ಯಾವ ಆಂಟಿಬಯಾಟಿಕ್‌ಗೆ ಬಗ್ಗುತ್ತದೆ ಎಂದು ತಿಳಿಯಲು ಹಳೆಯ ಕ್ರಮದಲ್ಲಿ ಇನ್ನೂ ಒಂದೆರಡು ದಿನ ಬೇಕು. ರ‍್ಯಾಪಿಡ್ ಎನಿಸಿಕೊಂಡಿರುವ ಪಿಸಿಆರ್ ಪ್ಯಾನೆಲ್ (ಹಲವು ಸೂಕ್ಷ್ಮಾಣುಗಳ ಜೀನ್‌ಗಳನ್ನು ಒಟ್ಟಿಗೆ ಹುಡುಕುವ ಪರೀಕ್ಷೆ), ಮಾಲ್ಡಿ-ಟಾಫ್ (ಪ್ರೋಟೀನ್‌ಗಳ ಗುರುತಿನಿಂದ ಸೂಕ್ಷ್ಮಾಣುವಿನ ಹೆಸರು ಹೇಳುವ ಯಂತ್ರ) ಮುಂತಾದವು ಬಹುಮಟ್ಟಿಗೆ ಈ ಎರಡನೆಯ ಹಂತವನ್ನಷ್ಟೇ ಚುರುಕುಗೊಳಿಸುತ್ತವೆ: ಪಾಸಿಟಿವ್ ಆದ ಬಾಟಲಿಯಿಂದ ಹನಿ ತೆಗೆದು ಹಾಕಿದರೆ ಪ್ಯಾನೆಲ್ ಸುಮಾರು ಒಂದು ಗಂಟೆಯಲ್ಲಿ ಸೂಕ್ಷ್ಮಾಣುವಿನ ಹೆಸರನ್ನೂ, ಔಷಧಕ್ಕೆ ಬಗ್ಗದಂತೆ ಮಾಡುವ ಕೆಲವು ಜೀನ್‌ಗಳಿದ್ದರೆ ಅವನ್ನೂ ಹೇಳುತ್ತದೆ. ಮೊದಲ ಹಂತದ ಕಾಯುವಿಕೆ ಇದ್ದಂತೆಯೇ ಇರುತ್ತದೆ. ಬೆಳೆಸದೆ ನೇರವಾಗಿ ರಕ್ತದಲ್ಲೇ ಹುಡುಕುವ ವಿಧಾನಗಳೂ ಇವೆಯಾದರೂ ತಮ್ಮ ಪಟ್ಟಿಯಲ್ಲಿ ಇಲ್ಲದ ಸೂಕ್ಷ್ಮಾಣುವನ್ನು ಅವುಗಳಲ್ಲಿ ಹೆಚ್ಚಿನವು ಗುರುತಿಸಲಾರವು. ಹಾಗಾಗಿ ಕಲ್ಚರ್ ಬಿಡುವಂತಿಲ್ಲ.

ಹೀಗಿರುವಾಗ ‘ತ್ವರಿತ ಪರೀಕ್ಷೆ’ ಎಂದಷ್ಟೇ ಬರೆದರೆ, ಸಂಜೆ ರಕ್ತ ತೆಗೆಸಿದವರು ಬೆಳಗಾಗುತ್ತಲೇ ‘ಬೇಗ ಬರೋ ಟೆಸ್ಟ್ ಅಂದಿದ್ರಲ್ಲ ಸಿಸ್ಟರ್, ಇನ್ನೂ ಬಂದಿಲ್ವಾ?’ ಎಂದು ಕೇಳುವುದು ನ್ಯಾಯವೇ. ‘ಶೀಘ್ರ’, ‘ತ್ವರಿತ’ ಎರಡೂ ವೇಗವನ್ನು ಹೇಳುತ್ತವೆಯೇ ಹೊರತು ಗಂಟೆಯ ಲೆಕ್ಕ ಎಲ್ಲಿಂದ ಶುರು ಎಂಬುದನ್ನಲ್ಲ. ‘ಬೆಳೆದ ಮೇಲಿನ ಬೇಗಪತ್ತೆ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಅರ್ಥ ಸರಿಯಾಗಿದೆ, ಕಿವಿಗೆ ಮಾತ್ರ ಹಿತವಾಗಿಲ್ಲ.

‘ಕಲ್ಚರ್’ಗೆ ‘ಕೃಷಿ’ ಎನ್ನಬಹುದೆಂದು ಒಬ್ಬರು ಸೂಚಿಸಿದರು. ಅಂಗಾಂಶ ಕೃಷಿ ಬಾಳೆ ನಮ್ಮ ಕಡೆಯ ರೈತರಿಗೆ ಹೊಸದೇನಲ್ಲ. ಆದರೆ ಅಲ್ಲಿ ಬೆಳೆಸುವುದು ಅಂಗಾಂಶವನ್ನೇ, ಇಲ್ಲಿ ಬೆಳೆಸುವುದು ರಕ್ತವನ್ನಲ್ಲ. ಆದ್ದರಿಂದ ‘ರಕ್ತ ಕೃಷಿ’ ಬೇಡ, ಕಲ್ಚರ್ ಕಲ್ಚರಾಗಿಯೇ ಇರಲಿ ಎಂಬುದು ನನ್ನ ಮತ. ವರದಿಯಲ್ಲಿ ಬರುವ ‘48 ಗಂಟೆಗಳವರೆಗೆ ಬೆಳವಣಿಗೆ ಇಲ್ಲ’ ಎಂಬುದನ್ನು ‘ಸೋಂಕಿಲ್ಲ’ ಎಂದು ಕನ್ನಡಿಸುವುದಂತೂ ತಪ್ಪು. ಬಾಟಲಿಗಳನ್ನು ಸಾಮಾನ್ಯವಾಗಿ 5 ದಿನ ಇಟ್ಟು ನೋಡುತ್ತಾರೆ, ಮೊದಲೇ ಆಂಟಿಬಯಾಟಿಕ್ ಕೊಟ್ಟಿದ್ದರೆ ಸೋಂಕಿದ್ದೂ ಏನೂ ಬೆಳೆಯದಿರಬಹುದು.

ಇನ್ನು ‘ಸೆಪ್ಸಿಸ್’. ‘ರಕ್ತಕ್ಕೆ ನಂಜೇರಿದೆ’ ಎಂದರೆ ವಿಷಯ ಗಂಭೀರವೆಂದು ಯಾರಿಗಾದರೂ ಹೊಳೆಯುತ್ತದೆ. ಆದರೆ ಗಾಯವಾದಾಗ ಬದನೆಕಾಯಿ ನಂಜು, ತಿನ್ನಬೇಡ ಎನ್ನುವ ನಂಜೂ ಇದೇ, ಹಾವಿನ ನಂಜೂ ಇದೇ. ಮೇಲಾಗಿ ತಜ್ಞರ 2016ರ ಅಂತರರಾಷ್ಟ್ರೀಯ ವ್ಯಾಖ್ಯೆಯ ಪ್ರಕಾರ ಸೆಪ್ಸಿಸ್ ಎಂದರೆ ರಕ್ತದಲ್ಲಿ ಸೂಕ್ಷ್ಮಾಣು ಇರುವುದಲ್ಲ. ಸೋಂಕಿಗೆ ದೇಹವೇ ತಾಳ ತಪ್ಪಿ ಪ್ರತಿಕ್ರಿಯಿಸಿ, ಜೀವಕ್ಕೆ ಅಪಾಯವಾಗುವಷ್ಟು ಅಂಗಗಳು ಕೆಡುವುದು. ಕಲ್ಚರಿನಲ್ಲಿ ಏನೂ ಬೆಳೆಯದಿದ್ದರೂ ಸೆಪ್ಸಿಸ್ ಇರಬಹುದು. ಹಾಗಾಗಿ ರಕ್ತದಲ್ಲಿ ಸೂಕ್ಷ್ಮಾಣು ಸಿಕ್ಕುವುದಕ್ಕೆ ‘ರಕ್ತದ ಸೋಂಕು’, ಅಂಗಗಳು ಕೆಡುವ ಸ್ಥಿತಿಗೆ ‘ನಂಜೇರುವಿಕೆ’ ಎಂದು ಬೇರೆ ಬೇರೆಯಾಗಿ ಬಳಸಬಹುದೇ? ಸಕಲೇಶಪುರ, ಮೂಡಿಗೆರೆ ಕಡೆಯ ಹಿರಿಯರ ಮಾತಿನಲ್ಲಿ ಈ ಎರಡನೆಯದಕ್ಕೆ ಬೇರೆ ಪದವಿದ್ದರೆ, ಯಾವ ಸಂದರ್ಭದಲ್ಲಿ ಕೇಳಿದಿರಿ ಎಂಬುದರೊಂದಿಗೆ ದಯವಿಟ್ಟು ತಿಳಿಸಿ.