ಫೈರ್ ಎಂಜಿನ್ನೂ ಪಾಲಾಯ್ತಂತೆ!

ಗುಂಪು: ಮೇಲಿನಮನೆ ಬಳಗ

ಸಾಗರದ ಅತ್ತೆ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಅಮೆರಿಕದಲ್ಲಿರುವ ನಮ್ಮವರೇ ಎಚ್ಚರ!! ಕ್ಯಾಲಿಫೋರ್ನಿಯಾದ ಪ್ಲಸೆನ್ಷಿಯಾ ನಗರ ದುಡ್ಡಿಲ್ಲದೆ ಅಗ್ನಿಶಾಮಕ ದಳವನ್ನೇ ಮುಚ್ಚಿದೆ. ಸುತ್ತಲಿನ ಊರಿಗೂ ಇನ್ನು ಎಂಜಿನ್ ಬರುವುದಿಲ್ಲ. ಎಲ್ಲರಿಗೂ ಕಳಿಸಿ 🙏🙏

ಸಾಗರದ ಅತ್ತೆ: ಇದು ಯೋರ್ಬಾ ಲಿಂಡಾ ಪಕ್ಕದ್ದೇ ಅಲ್ವಾ? ಹುಷಾರು ಮಗಾ.

ಬೆಂಗಳೂರು ಭಾವ: ಮೂಲ ಎಲ್ಲಿದೆ ಅತ್ತೆ? ತಾರೀಖೂ ಇಲ್ಲ.

ಸಾಗರದ ಅತ್ತೆ: ಭಜನಾ ಮಂಡಳಿ ಗುಂಪಲ್ಲಿ ಬಂತು.

ಬೆಂಗಳೂರು ಭಾವ: ಅದು ಬಂದ ದಾರಿ. ಮೂಲ ಕೇಳಿದ್ದು.

ಯೋರ್ಬಾ ಲಿಂಡಾ ಅಕ್ಕ: ಹಳೇ ಸುದ್ದಿ ಅತ್ತೆ, ಅದೂ ಅರ್ಧಂಬರ್ಧ. ದಳ ಮುಚ್ಚಿಲ್ಲ, ಬೇರೆ ಆಗಿದ್ದು. ಇಲ್ಲಿನ ಆರೆಂಜ್ ಕೌಂಟಿಯ (ಕೌಂಟಿ ಅಂದ್ರೆ ಜಿಲ್ಲೆ ಥರ) ಸುಮಾರು ಊರುಗಳು ಸೇರಿ ನಡೆಸೋ ಫೈರ್ ಅಥಾರಿಟಿ ಇದೆ, 1995ರದ್ದು. ಪ್ಲಸೆನ್ಷಿಯಾ 2019ರಲ್ಲಿ ಹೊರಬರೋ ತೀರ್ಮಾನ ಮಾಡಿ, 2020ರ ಜುಲೈ 1ಕ್ಕೆ ಸ್ವಂತ ದಳ ಶುರು ಮಾಡ್ತು. ಯೋರ್ಬಾ ಲಿಂಡಾ ಅಥಾರಿಟಿಯಲ್ಲೇ ಉಳೀತು.

ದೊಡ್ಡಪ್ಪ: ಕೂಡಿ ಬಾಳಿದರೆ ಸ್ವರ್ಗ ಸುಖ. ನಾಲ್ಕು ಜನ ಹೊರುವ ಪಲ್ಲಕ್ಕಿಯಿಂದ ಒಬ್ಬ ಹೆಗಲು ತೆಗೆದರೆ ದೇವರು ಕೆಳಗೆ. ಇಂದಿನವರಿಗೆ ಇದು ಅರ್ಥವಾಗದು.

ಹುಬ್ಬಳ್ಳಿ ಚಿಕ್ಕಪ್ಪ: ಹೆಗಲು ಕೊಟ್ಟವರಿಗೆ ಲೆಕ್ಕದ ಪುಸ್ತಕ ತೋರಿಸಿದ್ರೆ ಯಾರೂ ಹೆಗಲು ತೆಗೀತಿರಲಿಲ್ಲ ಅಣ್ಣಾ.

ಮೈಸೂರು ತಂಗಿ: ಶುರುವಾಯ್ತು 😂

ಬೆಂಗಳೂರು ಭಾವ: ಪ್ಲಸೆನ್ಷಿಯಾ ತಕರಾರು ಏನು? ದುಡ್ಡಿಲ್ಲ ಅನ್ನೋದಾದ್ರೂ ನಿಜವಾ?

ಯೋರ್ಬಾ ಲಿಂಡಾ ಅಕ್ಕ: ಬೇರೆ ಯಾವ ಖರ್ಚಿಗಿಂತಲೂ ಬೆಂಕಿ ಬಿಲ್ಲೇ ಜೋರಾಗಿ ಏರ್ತಿದೆ, ಸೇವೆ ಮಾತ್ರ ಅಷ್ಟೇ ಇದೆ ಅಂತ. ಅಥಾರಿಟೀಲಿ ಎರಡು ಥರದ ಸದಸ್ಯರು. ಇರ್ವೈನ್ ಥರದ ಊರಲ್ಲಿ ಆಸ್ತಿ ತೆರಿಗೆಯ ಒಂದು ಪಾಲು ನೇರ ದಳಕ್ಕೇ ಹೋಗುತ್ತೆ. ಮನೆ ಬೆಲೆ ಏರಿದ ಹಾಗೆ ಪಾಲೂ ಏರುತ್ತೆ, ಅದಕ್ಕೇ ಕೊಟ್ಟಷ್ಟು ಸೇವೆ ಸಿಗ್ತಿಲ್ಲ ಅಂತ ಇರ್ವೈನ್ ಎಷ್ಟೋ ವರ್ಷದಿಂದ ಗೊಣಗ್ತಿದೆ. ಪ್ಲಸೆನ್ಷಿಯಾ ಇನ್ನೊಂದು ಥರ. ವರ್ಷಕ್ಕಿಷ್ಟು ಅಂತ ಕೌನ್ಸಿಲ್ ತನ್ನ ಖಜಾನೆಯಿಂದ ಚೆಕ್ ಬರೀಬೇಕು. ಚೆಕ್ ಬರೆಯೋರಿಗೆ ನೋವು ಬೇಗ ಕಾಣುತ್ತೆ.

ಬೆಂಗಳೂರು ಭಾವ: ಬೇರೆ ಆದ್ರೆ ದುಡ್ಡು ಎಲ್ಲಿ ಉಳೀತು? ಎಂಜಿನ್ ಅದೇ, ನೀರು ಅದೇ.

ಯೋರ್ಬಾ ಲಿಂಡಾ ಅಕ್ಕ: ಎರಡು ಕಡೆ. ಒಂದು ಪಿಂಚಣಿ. ಎರಡನೇದು, ಬರೋ ಕರೆಗಳಲ್ಲಿ ಹೆಚ್ಚಿನವು ಎದೆನೋವು, ಬಿದ್ದು ಪೆಟ್ಟು ಇಂಥವೇ, ಬೆಂಕಿ ಕಮ್ಮಿ. ಅದಕ್ಕೇ ಪ್ಯಾರಾಮೆಡಿಕ್ ಕೆಲಸಾನ, ಅಂದ್ರೆ ಸ್ಥಳದಲ್ಲೇ ತುರ್ತು ಚಿಕಿತ್ಸೆ ಕೊಡೋದನ್ನ, ಖಾಸಗಿ ಆಂಬ್ಯುಲೆನ್ಸ್‌ಗೆ ವಹಿಸಿದ್ರು. ಅಗ್ನಿಶಾಮಕರ ಯೂನಿಯನ್ ಸಿಟ್ಟಾಗಿದ್ದು ಇದಕ್ಕೇ.

ಹುಬ್ಬಳ್ಳಿ ಚಿಕ್ಕಪ್ಪ: ಬಿಲ್ ಬಿಡಿ, ಬೆಂಕಿ ಲೆಕ್ಕ ನೋಡಿ. ಅಲ್ಲಿನ ಸಾಮಾನ್ಯ ಎಂಜಿನ್ ಟ್ಯಾಂಕು 500 ಗ್ಯಾಲನ್, ಅಂದ್ರೆ 1,900 ಲೀಟರ್ ಹತ್ತಿರ. ಮನೆಯೊಳಗೆ ಎಳಕೊಂಡು ಹೋಗೋ ಒಂದೂಮುಕ್ಕಾಲು ಇಂಚಿನ ಪೈಪಲ್ಲಿ ನಿಮಿಷಕ್ಕೆ 150 ಗ್ಯಾಲನ್ ಹೋಗುತ್ತೆ. ಭಾಗಿಸಿ. ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೆ ಟ್ಯಾಂಕ್ ಖಾಲಿ! ಅಷ್ಟರಲ್ಲಿ ಯಾರಾದ್ರೂ ಹೈಡ್ರಂಟ್‌ನಿಂದ (ರಸ್ತೆ ಬದಿಯ ಬೆಂಕಿ ನಲ್ಲಿ) ದಪ್ಪ ಪೈಪ್ ತಂದು ಪಂಪಿಗೆ ಕೊಟ್ಟಿರಬೇಕು. ಇಲ್ಲಾಂದ್ರೆ ಒಳಗಿರೋ ಇಬ್ಬರ ಕೈಲಿ ಬರೀ ರಬ್ಬರ್.

ಹುಬ್ಬಳ್ಳಿ ಚಿಕ್ಕಪ್ಪ: ಇಬ್ಬರು ಒಳಗೆ ಹೋದ್ರೆ ಹೊರಗೆ ಇಬ್ಬರು ಸಿದ್ಧ ನಿಂತಿರಬೇಕು ಅಂತ ಅಲ್ಲಿನ ಕಾಯಿದೆ. ಒಳಗೆ ಜೀವ ಸಿಕ್ಕಿಬಿದ್ದಿದ್ರೆ ಮಾತ್ರ ವಿನಾಯಿತಿ. ಅಲ್ಲಿಗೆ ಒಂದು ಎಂಜಿನ್ನಿನ ನಾಲ್ಕೂ ಜನ ಮುಗೀತು. ಏಣಿ, ಹೊಗೆಗೆ ದಾರಿ, ಪಕ್ಕದ ಮನೆ, ಇವೆಲ್ಲ ಎರಡು, ಮೂರು, ನಾಲ್ಕನೇ ಗಾಡಿ ಕೆಲಸ.

ಮೈಸೂರು ತಂಗಿ: ಆ ಊರಲ್ಲಿ ಎಷ್ಟು ಠಾಣೆ?

ಯೋರ್ಬಾ ಲಿಂಡಾ ಅಕ್ಕ: ಎರಡು.

ಹುಬ್ಬಳ್ಳಿ ಚಿಕ್ಕಪ್ಪ: ಅಲ್ಲೇ ಇರೋದು ಪ್ರಶ್ನೆ. ಒಂದೇ ಸಂಸ್ಥೆ ಆಗಿದ್ರೆ ಕಂಟ್ರೋಲ್ ರೂಮಿನ ಕಂಪ್ಯೂಟರ್ ಊರ ಗಡಿ ನೋಡಲ್ಲ, ಹತ್ತಿರದ ಗಾಡಿ ಕಳಿಸುತ್ತೆ. ಬೇರೆ ಆದ ಮೇಲೆ ಅದಕ್ಕೆ ಪಕ್ಕದವರ ಜೊತೆ ಹೊಸ ಒಪ್ಪಂದ ಬೇಕು. ಅದಿಲ್ಲದಿದ್ರೆ ಮೊದಲ ಗಾಡಿಯವನು ಹೋಗಿ ನೋಡಿ, ಸಾಲಲ್ಲ ಅಂತ ರೇಡಿಯೋದಲ್ಲಿ ಹೇಳಿ, ಆಮೇಲೆ ಇನ್ನೊಂದು ಕಂಟ್ರೋಲ್ ರೂಮಿಗೆ ಕರೆ. ಮೂರು ನಿಮಿಷ ಇಪ್ಪತ್ತು ಸೆಕೆಂಡು ನೆನಪಿರಲಿ.

ಹುಬ್ಬಳ್ಳಿ ಚಿಕ್ಕಪ್ಪ: ಸಿಬ್ಬಂದಿ ಲೆಕ್ಕದಲ್ಲೂ ಎಡವೋದು ಸುಲಭ. ನಾಲ್ಕು ಸೀಟು, 24 ಗಂಟೆ ಪಾಳಿ, ಮೂರು ತಂಡ: 12 ಜನ. ರಜೆ, ಕಾಯಿಲೆ, ತರಬೇತಿ ಸೇರಿಸಿದ್ರೆ 14–15. ದೊಡ್ಡ ದಳದಲ್ಲಿ ಒಬ್ಬ ಬರದಿದ್ರೆ ಬೇರೆ ಠಾಣೆಯವನು ಬರ್ತಾನೆ. ಎರಡೇ ಠಾಣೆ ಇದ್ರೆ ಓವರ್‌ಟೈಮ್. ಉಳಿತಾಯ ಅಲ್ಲೇ ಸೋರೋದು.

ಬೆಂಗಳೂರು ಭಾವ: ಅಂದ್ರೆ ಬೇರೆ ಆಗಿದ್ದು ತಪ್ಪು ಅಂತೀರಾ?

ಹುಬ್ಬಳ್ಳಿ ಚಿಕ್ಕಪ್ಪ: ನಾನೆಲ್ಲಿ ಅಂದೆ? ಮೊದಲ ಗಾಡಿ ಎಷ್ಟು ಬೇಗ ಬಂತು ಅಂತ ಎರಡೂ ಕಡೆಯವರು ಕೂಗಾಡ್ತಾರೆ. ನಾಲ್ಕನೇದು ಎಷ್ಟು ಹೊತ್ತಿಗೆ ಬಂತು ಅಂತ ಕೇಳಬೇಕು. ಬೇರೆ ಆಗೋದು ತಪ್ಪಲ್ಲ, ಅದನ್ನು ಬರೆದಿಡದೆ ಬೇರೆ ಆಗೋದು ತಪ್ಪು.

ಸಾಗರದ ಅತ್ತೆ: ಅಯ್ಯೋ, ಹಾಗಾದ್ರೆ ಬೆಂಕಿ ಬಿದ್ದಿದ್ದು ಯಾರ ಮನೆಗೆ?

ಮೈಸೂರು ತಂಗಿ: ಯಾರ ಮನೆಗೂ ಬಿದ್ದಿಲ್ಲ ಅತ್ತೆ.

ದೊಡ್ಡಪ್ಪ: ಬರೆದಿಡುವುದಂತೆ! ನಮ್ಮ ಕಾಲದಲ್ಲಿ ಮಾತೇ ಪತ್ರ. ಕೆರೆ ಪಂಪ್‌ಸೆಟ್ ಎರಡು ಮನೆಗೂ ಸೇರಿತ್ತು, ಬರೆದಿಟ್ಟಿದ್ದೆವೇ?

ಹುಬ್ಬಳ್ಳಿ ಚಿಕ್ಕಪ್ಪ: ಬರೆದಿಡದೇ ಇದ್ದಿದ್ದಕ್ಕೇ ನೀರೊಳಗಿನ ಪೈಪ್ ತುದಿಯ ಫೂಟ್ ವಾಲ್ವ್ ನಾಪತ್ತೆ ಆಗಿದ್ದು.

ಮೈಸೂರು ತಂಗಿ: ಆ ಕೆರೆ ದಂಡೆ ನೇರಳೆ ಮರ ಇದೆಯಾ ಇನ್ನೂ? ಹಣ್ಣು ತಿಂದು ನಾಲಿಗೆ ತೋರಿಸ್ತಿದ್ವಲ್ಲ ❤️

ಸಾಗರದ ಅತ್ತೆ: ಕಡಿದ್ರು. ಯಾರು ಅಂತ ಹೇಳಲ್ಲ.

ಯೋರ್ಬಾ ಲಿಂಡಾ ಅಕ್ಕ: ಫೂಟ್ ವಾಲ್ವ್ ಇಲ್ದಿದ್ರೆ ಏನಾಗುತ್ತೆ?

ಹುಬ್ಬಳ್ಳಿ ಚಿಕ್ಕಪ್ಪ: ಪಂಪ್ ನಿಲ್ಲಿಸಿದ ತಕ್ಷಣ ಪೈಪಿನ ನೀರೆಲ್ಲ ವಾಪಸ್ ಕೆರೆಗೆ. ಮತ್ತೆ ಶುರು ಮಾಡೋವಾಗ ಗಾಳಿ ತಿರುಗುತ್ತೆ, ನೀರು ಏಳಲ್ಲ. ಪ್ರತಿ ಸಲ ಕೊಡದಲ್ಲಿ ನೀರು ಹೊಯ್ದು ಪ್ರೈಮ್ ಮಾಡಬೇಕು. ಒಂದು ಬೇಸಿಗೆ ಪೂರ್ತಿ ಹೊಯ್ದಿದ್ದು ಕೆಳಗಿನ ಮನೆಯವರು.

ದೊಡ್ಡಪ್ಪ: ನಮ್ಮ ಕೊಟ್ಟಿಗೆಯಲ್ಲಿರುವ ವಾಲ್ವ್ ನಾವೇ ಕೊಂಡದ್ದು.

ಬೆಂಗಳೂರು ಭಾವ: ಬಿಲ್ ಇದೆಯಾ ಮಾವ?

ದೊಡ್ಡಪ್ಪ: 🙏

ಹುಬ್ಬಳ್ಳಿ ಚಿಕ್ಕಪ್ಪ: ಬಿಲ್ ಬೇಡ. ಎರಡು ಇಂಚೋ ಎರಡೂವರೆಯೋ ಅಷ್ಟು ಹೇಳಿ.

ಸಾಗರದ ಅತ್ತೆ: ಎರಡೂವರೆ. ನಾನೇ ನೋಡಿದೀನಿ.

ಹುಬ್ಬಳ್ಳಿ ಚಿಕ್ಕಪ್ಪ: ಹಾಗಾದ್ರೆ ಅದು ಕೆರೇದೇ.