ಅದೇ ಸಿರಪ್, ಬೆಳಿಗ್ಗೆ ಜ್ವರ ಇಳಿಯುತ್ತೆ ಸಂಜೆ ಇಳಿಯಲ್ಲ, ಯಾಕೆ?

ಪ್ರಶ್ನೆ: ಮಗಳಿಗೆ 4 ವರ್ಷ, ವೈರಲ್ ಫೀವರ್ ಅಂದಿದ್ದಾರೆ ಡಾಕ್ಟರ್. ಬೆಳಿಗ್ಗೆ ಪ್ಯಾರಾಸಿಟಮಾಲ್ ಕೊಟ್ರೆ ಒಂದು ಗಂಟೇಲಿ ಎದ್ದು ಆಟ ಆಡ್ತಾಳೆ, ಅದೇ ಡೋಸ್ ಸಂಜೆ 6ಕ್ಕೆ ಕೊಟ್ರೆ 102ರಿಂದ 101ಕ್ಕೆ ಬರೋದೇ ಕಷ್ಟ, ಮೈ ಕೆಂಡ. ರಾತ್ರಿಯೆಲ್ಲಾ ನಿದ್ದೆ ಇಲ್ಲ. ಸಂಜೆ ಡೋಸ್ ಸ್ವಲ್ಪ ಜಾಸ್ತಿ ಕೊಡಬಹುದಾ?

ಉತ್ತರ: ಬೇಡ ಅಕ್ಕಾ, ದಯವಿಟ್ಟು ಜಾಸ್ತಿ ಮಾಡ್ಬೇಡಿ. ನಾನು ಮಕ್ಕಳ ವಾರ್ಡಲ್ಲಿ ನರ್ಸ್, ಇದನ್ನ ದಿನಾ ನೋಡ್ತೀನಿ. ಆರೋಗ್ಯವಾಗಿರೋರ ಮೈ ಕೂಡ ಬೆಳಗಿನ ಜಾವ ತಂಪು, ಸಂಜೆ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಡಿಗ್ರಿ ಸೆಲ್ಸಿಯಸ್ ಬಿಸಿ, ಸೋಂಕಾದಾಗ್ಲೂ ಸಾಮಾನ್ಯವಾಗಿ ಇದೇ ಏರಿಳಿತ ಇರುತ್ತೆ. ಅಂದ್ರೆ ಬೆಳಿಗ್ಗೆ ಜ್ವರ ತಾನೇ ಇಳಿಯೋ ಹೊತ್ತು, ಹೆಸರು ಸಿರಪ್‌ಗೆ ಬರುತ್ತೆ, ಸಂಜೆ ಏರೋ ಹೊತ್ತಲ್ಲಿ ಅದೇ ಸಿರಪ್ ಎದುರುಗಾಳಿಗೆ ಸೈಕಲ್ ತುಳಿದ ಹಾಗೆ. ಡೋಸ್ ತೂಕದ ಲೆಕ್ಕ, ಕೆಜಿಗೆ 10ರಿಂದ 15 ಮಿಲಿಗ್ರಾಂ, ಮಧ್ಯೆ 4ರಿಂದ 6 ಗಂಟೆ ಗ್ಯಾಪ್, ದಿನಕ್ಕೆ 4 ಸಲ ದಾಟಬಾರದು, ಜಾಸ್ತಿಯಾದ್ರೆ ಲಿವರ್‌ಗೆ ಪೆಟ್ಟು. ಮಗು ನೀರು ಕುಡೀತಾ ಇದೆಯಾ, ಮೂತ್ರ ಹೋಗ್ತಿದೆಯಾ ಅದನ್ನ ನೋಡಿ, 101 ಅಂತ ಹೆದರಬೇಡಿ.

ಇನ್ನೊಬ್ಬರು: ಮಳೆಗಾಲ ಬೇರೆ, ಡೆಂಗ್ಯೂ ಅಲ್ಲ ಅಂತ ಗೊತ್ತಾಗೋವರ್ಗೂ ಐಬುಪ್ರೊಫೆನ್ (ಇದೂ ಜ್ವರ ಇಳಿಸೋ ಇನ್ನೊಂದು ಔಷಧಿ) ಕೊಡ್ಲೇಬೇಡಿ, ರಕ್ತಸ್ರಾವದ ಭಯ ಇರುತ್ತೆ. ಡೆಂಗ್ಯೂಲಿ ಜ್ವರ ಬಿಟ್ಟ ಮೇಲೇನೇ ಅಪಾಯ ಜಾಸ್ತಿ, ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ ಅಂದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಕೊಟ್ಟ ಟೈಮು, ಟೆಂಪರೇಚರು ಎಲ್ಲಾ ಕ್ಯಾಲೆಂಡರ್ ಮೇಲೆ ಬರೀತಿದೀನಿ, ನಾಳೆ ಡಾಕ್ಟರ್‌ಗೆ ತೋರಿಸ್ತೀನಿ.